ಬಕೆಟ್ ತುಂಬ ಬ್ಲಾಕ್ಸ್ ಇದ್ದರೂ ಮಕ್ಕಳಿಗೆ ಬೇಜಾರು: ಗೋಪುರವಲ್ಲದೆ ಬೇರೇನು ಕಟ್ಟಿಸಬಹುದು?

ಶರಾವತಿ_ತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎಂಟು ವರ್ಷದ ಮಗನೂ ನಾಲ್ಕು ವರ್ಷದ ಮಗಳೂ ಇದ್ದಾರೆ. ಬೇಸಿಗೆ ರಜೆ ಬಂದಿದೆ, ಹತ್ತು ಗಂಟೆಯ ಮೇಲೆ ಅಂಗಳಕ್ಕೆ ಕಳುಹಿಸುವಂತಿಲ್ಲದ ಬಿಸಿಲಿದೆ. ಹುಟ್ಟುಹಬ್ಬಗಳಿಗೆ ಬಂದ ಲೆಗೊ ಪೆಟ್ಟಿಗೆಗಳು, ಜಾತ್ರೆಯಲ್ಲಿ ಕೊಂಡ ಬೇರೆ ಬ್ಲಾಕ್ಸ್, ಮಗಳ ದಪ್ಪ ಡೂಪ್ಲೊ ಬ್ಲಾಕ್ಸ್ ಎಲ್ಲವೂ ಸೇರಿ ಒಂದು ಬಕೆಟ್ ತುಂಬಿದೆ. ಮಗ ಕೈಪಿಡಿಯಲ್ಲಿರುವಂತೆ ಒಮ್ಮೆ ಕಟ್ಟಿ ಶೋಕೇಸಿನಲ್ಲಿಟ್ಟರೆ ಅಲ್ಲಿಗೆ ಆ ಪೆಟ್ಟಿಗೆಯ ಕಥೆ ಮುಗಿಯಿತು. "ನಿನಗೆ ತೋಚಿದ್ದನ್ನು ಕಟ್ಟು" ಎಂದರೆ ಒಂದು ಗೋಪುರ ಎಬ್ಬಿಸಿ, ತಂಗಿ ಅದನ್ನು ಕೆಡವಿದ ಮೇಲೆ ಇಬ್ಬರೂ ಟಿ.ವಿ. ಕಡೆಗೆ ತಿರುಗುತ್ತಾರೆ. ಹೊಸದಾಗಿ ಏನನ್ನೂ ಕೊಳ್ಳದೆ, ಇರುವುದರಲ್ಲಿಯೇ ಅವರ ಕೈಗೆ ಕೆಲಸ ಕೊಡುವ ದಾರಿಗಳನ್ನು ದಯವಿಟ್ಟು ತಿಳಿಸಿ.

ಮೌನಿ_ಓದುಗ:
ಬೇಜಾರಾಗಲು ಬಿಡಿ. ಬೇಜಾರಾದ ಮಗು ತಾನಾಗಿಯೇ ಏನನ್ನಾದರೂ ಹುಡುಕಿಕೊಳ್ಳುತ್ತದೆ.

ಶರಾವತಿ_ತೀರ:
ಹುಡುಕಿಕೊಂಡಿದ್ದಾರೆ ಸ್ವಾಮಿ, ಟಿ.ವಿ. ರಿಮೋಟನ್ನು.

ಕಟ್ಟೋಣ_ಬನ್ನಿ:
ನಾನು ಸಿವಿಲ್ ಎಂಜಿನಿಯರ್, ಜೊತೆಗೆ ಎರಡು ಮಕ್ಕಳ ತಂದೆ. ನನ್ನ ಅನುಭವದಲ್ಲಿ "ತೋಚಿದ್ದನ್ನು ಕಟ್ಟು" ಎಂಬುದೇ ತೊಂದರೆಯ ಮೂಲ. ಬಕೆಟ್ ತುಂಬ ತುಂಡುಗಳನ್ನು ಸುರಿದು ಪೂರ್ಣ ಸ್ವಾತಂತ್ರ್ಯ ಕೊಟ್ಟರೆ ದೊಡ್ಡವರಿಗೂ ಕೈ ಓಡುವುದಿಲ್ಲ. ಸ್ವಾತಂತ್ರ್ಯಕ್ಕಿಂತ ಮೊದಲು ಒಂದು ಸಮಸ್ಯೆಯನ್ನು ಕೊಡಿ, ಒಂದೇ ವಾಕ್ಯದಲ್ಲಿ.

ನಮ್ಮಲ್ಲಿ ಬಹಳ ದಿನ ಓಡಿದ್ದು ಸೇತುವೆ. ಎರಡು ಸ್ಟೂಲುಗಳನ್ನು ಒಂದು ಅಡಿ ಅಂತರದಲ್ಲಿಟ್ಟು, "ನಡುವೆ ಕಂಬವಿಲ್ಲದೆ ಈ ಕಡೆಯಿಂದ ಆ ಕಡೆಗೆ ದಾಟಿಸು" ಎಂದಷ್ಟೇ ಹೇಳಬೇಕು. ಮೊದಲು ಮಕ್ಕಳು ಇಟ್ಟಿಗೆಗಳನ್ನು ತುದಿಗೆ ತುದಿ ತಾಗಿಸಿ ಜೋಡಿಸಿ, ಅದರ ಮೇಲೆ ಇನ್ನೊಂದು ಸಾಲನ್ನು ಸಂದಿನ ಮೇಲೆಯೇ ಸಂದು ಬರುವಂತೆ ಇಡುತ್ತಾರೆ. ಎತ್ತುವಾಗಲೇ ಅದು ಮುರಿಯುತ್ತದೆ. ಗೋಡೆ ಕಟ್ಟುವ ಯಾವ ಮೇಸ್ತ್ರಿಯೂ ಸಂದಿನ ಮೇಲೆ ಸಂದು ಬರಲು ಬಿಡುವುದಿಲ್ಲ ಎಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ, ಸೇತುವೆಯೇ ಹೇಳಿಕೊಡುತ್ತದೆ. ನಿಂತ ಮೇಲೆ ನಡುಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಲೋಟವಿಟ್ಟು, ಹೆಸರುಕಾಳನ್ನು ಚಮಚದಿಂದ ನಿಧಾನವಾಗಿ ತುಂಬಿಸಿ. ಮುರಿದಾಗ ಲೋಟದಲ್ಲಿದ್ದ ಕಾಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲಿ.

ಮುಂದಿನ ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ಅಷ್ಟೇ ಇಟ್ಟಿಗೆಗಳನ್ನು ಅಗಲವಾಗಿ ಹರಡಿದರೆ ಗಟ್ಟಿಯೋ, ಕಿರಿದಾಗಿ ಎತ್ತರಿಸಿದರೆ ಗಟ್ಟಿಯೋ? ಎತ್ತರಿಸಿದ್ದೇ ಹೆಚ್ಚು ಭಾರ ಹೊರುತ್ತದೆ. ಭಾರ ಬಿದ್ದಾಗ ಸೇತುವೆಯ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಾಗಾಗಿ ಬಿರುಕು ಯಾವಾಗಲೂ ಕೆಳಗಿನ ಸಾಲಿನಿಂದ ಆರಂಭವಾಗುವುದನ್ನು ಎಂಟು ವರ್ಷದ ಮಗುವೂ ಕಣ್ಣಾರೆ ನೋಡಬಹುದು.

ಅಂಗಳದ_ಮಲ್ಲಿಗೆ:
ಕ್ಷಮಿಸಿ, ಇದು ಆಟವೋ, ಶಾಲೆಯ ಪ್ರಾಜೆಕ್ಟ್ ವರ್ಕೋ? ರಜೆಯಲ್ಲಿಯೂ ತೂಕ, ಪಟ್ಟಿ, ಲೆಕ್ಕ ಎಂದರೆ ಆ ಮಗು ಬ್ಲಾಕ್ಸ್ ಬಕೆಟ್ಟಿನ ಹತ್ತಿರವೂ ಸುಳಿಯುವುದಿಲ್ಲ. ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣ, ಸಿಗರೇಟು ಪ್ಯಾಕು, ಬಾಟಲಿಯ ಮುಚ್ಚಳಗಳಲ್ಲಿ ಊರನ್ನೇ ಕಟ್ಟುತ್ತಿದ್ದೆವು, ಯಾರೂ ಬಂದು ಭಾರ ಹಾಕಿ ನೋಡುತ್ತಿರಲಿಲ್ಲ.

ಕಟ್ಟೋಣ_ಬನ್ನಿ:
ಅಂಗಳದ ಮಲ್ಲಿಗೆಯವರೇ, ಭಾರ ಹಾಕುವುದು ಅಪ್ಪನಲ್ಲ, ಮಗುವೇ. ತಾನು ಕಟ್ಟಿದ್ದು ಎಷ್ಟಕ್ಕೆ ಮುರಿಯುತ್ತದೆ ಎಂದು ನೋಡುವ ಹುಚ್ಚು ಯಾವ ಮಗುವಿಗೆ ಇಲ್ಲ? ನಾನು ಹೇಳಿದ್ದು ಒಂದೇ ವಾಕ್ಯದ ಸಮಸ್ಯೆ. ಅದನ್ನು ಹೇಳಿದ ಮೇಲೆ ದೊಡ್ಡವರು ಅಲ್ಲಿಂದ ಎದ್ದು ಹೋಗಬೇಕು. ಪಕ್ಕದಲ್ಲಿ ಕುಳಿತು "ಹಾಗಲ್ಲ, ಹೀಗೆ" ಎಂದರೆ ಮಾತ್ರ ಅದು ಪ್ರಾಜೆಕ್ಟ್ ವರ್ಕ್ ಆಗುತ್ತದೆ.

ಮೌನಿ_ಓದುಗ:
ಎದ್ದು ಹೋಗಬೇಕು ಎಂದರಲ್ಲ, ನಾನು ಹೇಳಿದ್ದೂ ಅದನ್ನೇ.

ಕಸೂತಿ_ಧಾರವಾಡ:
ಶರಾವತಿಯವರೇ, ನಿಮ್ಮಲ್ಲಿ ಬ್ಲಾಕ್ಸ್ ಸಿಕ್ಕಿಸುವ ಚಪ್ಪಟೆ ಹಲಗೆ, ಅಂದರೆ ಬೇಸ್‌ಪ್ಲೇಟ್ ಇದೆಯೇ? ಸಾಮಾನ್ಯವಾಗಿ ಸಿಗುವ ದೊಡ್ಡದರಲ್ಲಿ 32 ಸಾಲು, ಸಾಲಿಗೆ 32 ಉಬ್ಬುಗಳಿರುತ್ತವೆ. ಅದನ್ನು ಬಟ್ಟೆಯೆಂದು ಭಾವಿಸಿ, ಒಂದೊಂದು ಉಬ್ಬನ್ನೂ ಒಂದೊಂದು ಹೊಲಿಗೆಯೆಂದು ಭಾವಿಸಿ. ನಮ್ಮ ಕಡೆಯ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ಮೊದಲೇ ಚಿತ್ರ ಬರೆದುಕೊಂಡು ಹಾಕುವುದಲ್ಲ. ತೇರು, ಆನೆ, ತುಳಸಿಕಟ್ಟೆ, ನವಿಲು ಇವೆಲ್ಲ ಮೆಟ್ಟಿಲು ಮೆಟ್ಟಿಲಾಗಿಯೇ ರೂಪುಗೊಳ್ಳುವುದರಿಂದ ಚಿಕ್ಕ ಚೌಕದ ತುಂಡುಗಳಲ್ಲಿ ಬಹಳ ಚೆನ್ನಾಗಿ ಮೂಡುತ್ತವೆ. ಅಜ್ಜಿಯ ಇಳಕಲ್ ಸೀರೆಯ ಸೆರಗಿನಲ್ಲಿ ಕಸೂತಿ ಇದ್ದರೆ ಅದನ್ನೇ ಮುಂದಿಟ್ಟು ನೋಡಿ ಕಟ್ಟಿಸಿ. ನನ್ನ ಮಗಳು ತೇರಿನ ಎಡ ಅರ್ಧವನ್ನು ಮಾತ್ರ ಕಟ್ಟಿ, ಬಲ ಅರ್ಧವನ್ನು ತಮ್ಮನಿಗೆ ಕನ್ನಡಿಯಲ್ಲಿ ಕಂಡಂತೆ ಕಟ್ಟಲು ಬಿಡುತ್ತಾಳೆ. ಎಲ್ಲಿ ಒಂದು ಉಬ್ಬು ತಪ್ಪಿದರೂ ಇಬ್ಬರ ನಡುವೆ ಜಗಳ ಖಚಿತ, ಆದರೆ ಅದು ಒಳ್ಳೆಯ ಜಗಳ.

ಸೂಜಿದಾರ:
ಒಂದು ತಿದ್ದುಪಡಿ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿ ಮತ್ತು ಮುರ್ಗಿ ಬರಿಯ ಗೆರೆಯ ಕೆಲಸ, ಎರಡು ರಂಧ್ರಗಳ ನಡುವೆ ಹೋಗುವ ದಾರ. ಅವುಗಳನ್ನು ಉಬ್ಬಿನ ಮೇಲೆ ತುಂಡು ಇಟ್ಟು ತೋರಿಸಲಾಗದು. ಅಡ್ಡಗೆರೆ ಹಾಕಿ ಚೌಕ ತುಂಬುವ ಮೆಂತಿ ಮಾತ್ರ ಬ್ಲಾಕ್ಸಿಗೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಸಿಕ್ಕಿದ ಸೆರಗನ್ನೆಲ್ಲ ನಕಲು ಮಾಡಲು ಹೋದರೆ ಮಗು ಸೋತುಹೋಗುತ್ತದೆ, ಮೆಂತಿಯ ವಿನ್ಯಾಸವನ್ನೇ ಆರಿಸಿಕೊಡಿ.

ಕಸೂತಿ_ಧಾರವಾಡ:
ನೀವು ಹೇಳುವುದು ಹೊಲಿಗೆಯ ಮಟ್ಟಿಗೆ ನಿಜ. ಆದರೆ ಗವಂತಿಯ ಗೋಪುರವನ್ನು ಎಂಟು ವರ್ಷದ ಹುಡುಗ ಒಳಗೆಲ್ಲ ತುಂಬಿ ಕಟ್ಟಿದರೆ ಆಕಾಶವೇನೂ ಬೀಳುವುದಿಲ್ಲ.

ರಂಗವಲ್ಲಿ_ಮೈಸೂರು:
ಬೇಸ್‌ಪ್ಲೇಟಿನ ಮಾತು ಬಂದದ್ದರಿಂದ ಹೇಳುತ್ತೇನೆ, ಚುಕ್ಕಿ ರಂಗೋಲಿಯನ್ನು ಬಿಟ್ಟದ್ದೇಕೆ? ಉಬ್ಬುಗಳೆಂದರೆ ಇಟ್ಟು ಮುಗಿದ ಚುಕ್ಕಿಗಳೇ. ನೇರ ಚುಕ್ಕಿಯ ರಂಗೋಲಿಯನ್ನು ಹಾಗೆಯೇ ಹಾಕಬಹುದು. ಒಂದು ಸಾಲಿನ ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವ, 15ರಿಂದ 8ಕ್ಕೆ ಇಳಿಯುವ ಸಂದು ಚುಕ್ಕಿಯಾದರೆ ಒಂದು ಉಬ್ಬು ಬಿಟ್ಟು ಒಂದರ ಮೇಲೆ ಚಿಕ್ಕ ದುಂಡು ತುಂಡು ಇಡುತ್ತ, ಸಾಲು ಬಿಟ್ಟು ಸಾಲಿಗೆ ಒಂದು ಉಬ್ಬಿನಷ್ಟು ಸರಿಸುತ್ತ ಹೋಗಬೇಕು. ಉದ್ದಕ್ಕೂ ಅಡ್ಡಕ್ಕೂ 29 ಉಬ್ಬುಗಳು ಸಾಕು, 32ರ ಪ್ಲೇಟಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ.

ಮೌನಿ_ಓದುಗ:
ಚುಕ್ಕಿ ಸರಿ. ಸುತ್ತಿ ಬರುವ ಬಳ್ಳಿಯ ಗೆರೆಯನ್ನು ಚೌಕದ ತುಂಡಿನಲ್ಲಿ ಹೇಗೆ ಎಳೆಯುತ್ತೀರಿ?

ರಂಗವಲ್ಲಿ_ಮೈಸೂರು:
ತುಂಡಿನಲ್ಲಿ ಎಳೆಯುವುದಿಲ್ಲ, ಉಲ್ಲನ್ ದಾರದಲ್ಲಿ ಎಳೆಯುತ್ತೇವೆ. ಚುಕ್ಕಿಯ ಜಾಗದಲ್ಲಿ ಒಂದರ ಮೇಲೊಂದು ಎರಡು ಚಿಕ್ಕ ಇಟ್ಟಿಗೆಗಳನ್ನು ನಿಲ್ಲಿಸಿದರೆ ಗೂಟದಂತಾಗುತ್ತದೆ. ದಾರವನ್ನು ಅವುಗಳ ಸುತ್ತ ಬಳಸಿಕೊಂಡು ಹೋಗಿ, ಎತ್ತದೆ, ಕತ್ತರಿಸದೆ ಹೊರಟ ಜಾಗಕ್ಕೇ ಬಂದು ಸೇರಬೇಕು. ತಪ್ಪಿದರೆ ದಾರ ಬಿಚ್ಚಿದರಾಯಿತು, ಅಂಗಳ ಒರೆಸುವ ಕೆಲಸವಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಈ ಲೆಕ್ಕದಲ್ಲಿ ಸಂದು ಚುಕ್ಕಿಯ ಷಟ್ಕೋನ ಸ್ವಲ್ಪ ಉದ್ದಕ್ಕೆ ಎಳೆದಂತೆ ಕಾಣುತ್ತದೆ, ಏಕೆಂದರೆ ನೆಲದ ಮೇಲೆ ನಾವು ಸಾಲುಗಳನ್ನು ತುಸು ಹತ್ತಿರಕ್ಕೆ ಒತ್ತಿ ಇಡುತ್ತೇವೆ.

ಗಣಿತದ_ಮೇಷ್ಟ್ರು:
ಈ ಚರ್ಚೆಯಲ್ಲಿ ನಾನು ಮಾತನಾಡದಿದ್ದರೆ ಹೇಗೆ? ಎಂಟು ಉಬ್ಬುಗಳ, ಅಂದರೆ ಎರಡಕ್ಕೆ ನಾಲ್ಕರ, ಒಂದೇ ಬಣ್ಣದ ಎರಡೇ ಎರಡು ಇಟ್ಟಿಗೆಗಳನ್ನು ಮಗನ ಕೈಗೆ ಕೊಡಿ. "ಇವೆರಡನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ಸಿಕ್ಕಿಸಬಹುದು?" ಎಂದು ಕೇಳಿ. ತಿರುಗಿಸಿ ನೋಡಿದಾಗ ಒಂದೇ ಆಗುವುದನ್ನು ಎರಡು ಸಲ ಎಣಿಸಬಾರದು. ಉತ್ತರ 24. ಎರಡೂ ಒಂದೇ ದಿಕ್ಕಿಗೆ ಇರುವಾಗ 11, ಒಂದರ ಮೇಲೊಂದು ಅಡ್ಡವಾಗಿರುವಾಗ 13. ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಳ್ಳದೆ ಇದನ್ನು ಸರಿಯಾಗಿ ಎಣಿಸಿದ ಮಗುವನ್ನು ನಾನು ಈವರೆಗೆ ಕಂಡಿಲ್ಲ, ಹಲವು ದೊಡ್ಡವರನ್ನೂ ಕಂಡಿಲ್ಲ. ಮೂರನೆಯ ಇಟ್ಟಿಗೆ ಕೊಟ್ಟರೆ ಸಂಖ್ಯೆ 1,060ಕ್ಕೆ ಹಾರುತ್ತದೆ, ಅಲ್ಲಿಗೆ ಎಣಿಸುವ ಆಟ ನಿಲ್ಲಿಸಿ.

ಅಂಕಿಸಂಖ್ಯೆ:
ಮೇಷ್ಟ್ರೇ, ಆರು ಇಟ್ಟಿಗೆಗಳಿಗೆ 10,29,81,500 ರೀತಿಗಳಿವೆ ಎಂದು ಬಹಳ ಕಡೆ ಓದಿದ್ದೇನೆ. ಅದನ್ನೂ ಹೇಳಿಬಿಡಿ.

ಗಣಿತದ_ಮೇಷ್ಟ್ರು:
ಅದು ಒಂದರ ಮೇಲೊಂದು ಆರು ಅಂತಸ್ತು ಬರುವಂತೆ ಕಟ್ಟಿದವುಗಳ ಲೆಕ್ಕ ಮಾತ್ರ. ಒಂದೇ ಅಂತಸ್ತಿನಲ್ಲಿ ಎರಡು ಮೂರು ಇಟ್ಟಿಗೆಗಳು ಬರುವ ಕುಳ್ಳು ಕಟ್ಟಡಗಳನ್ನು ಅದು ಬಿಟ್ಟಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸೋರೆನ್ ಐಲರ್ಸ್ ಎಂಬ ಗಣಿತಜ್ಞರು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಎಣಿಸಿದಾಗ ಸಿಕ್ಕಿದ್ದು 91,51,03,765. ಆದ್ದರಿಂದ "ಇನ್ನೇನು ಕಟ್ಟಲಿ?" ಎನ್ನುವ ಹುಡುಗನಿಗೆ ಬಕೆಟ್ ಕೊಡುವ ಬದಲು ಆರೇ ಇಟ್ಟಿಗೆ ಕೊಟ್ಟು, "ಇಷ್ಟರಲ್ಲಿಯೇ ಒಂದು ಬಾತುಕೋಳಿ ಮಾಡು, ಆಮೇಲೆ ಇನ್ನೊಂದು ಬಾತುಕೋಳಿ ಮಾಡು, ಮೊದಲಿನದರಂತೆ ಇರಬಾರದು" ಎಂದು ಹೇಳಿ ನೋಡಿ.

ಅಂಗಳದ_ಮಲ್ಲಿಗೆ:
ಇದು ಇಷ್ಟವಾಯಿತು. ಬಾತುಕೋಳಿಗೆ ತಕ್ಕಡಿ ಬೇಡ.

ಡೆನ್ಮಾರ್ಕ್_ಕನ್ನಡತಿ:
ಮೂಲ ಪ್ರಶ್ನೆಯಲ್ಲಿ ಬೇರೆ ಬೇರೆ ಕಂಪನಿಯ ಬ್ಲಾಕ್ಸ್ ಬೆರೆತಿವೆ ಎಂದಿದ್ದೀರಿ, ಅದರ ಬಗ್ಗೆ ಎರಡು ಮಾತು. ನಾವಿರುವುದು ಬಿಲ್ಲುಂಡಿಗೆ ಹತ್ತಿರದಲ್ಲಿ. 1932ರಲ್ಲಿ ಲೆಗೊ ಕಂಪನಿಯ ಸ್ಥಾಪಕ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬ ಬಡಗಿ ಮರದ ಆಟಿಕೆ ಮಾಡಲಾರಂಭಿಸಿದ ಊರು ಅದು. ಒಳಗೆ ಕೊಳವೆಗಳಿರುವ ಇಂದಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು, ಅಂದಿನ ಇಟ್ಟಿಗೆ ಇಂದಿನದಕ್ಕೂ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಅಜ್ಜನ ಪೆಟ್ಟಿಗೆಯನ್ನೂ ಮೊಮ್ಮಗನ ಪೆಟ್ಟಿಗೆಯನ್ನೂ ಒಟ್ಟಿಗೆ ಸುರಿದು ಆಡುವುದು ಸಾಮಾನ್ಯ ನೋಟ. ಉಬ್ಬಿನ ನಡುವಿನಿಂದ ಉಬ್ಬಿನ ನಡುವಿಗೆ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳು ತುಂಡಿನ ಎತ್ತರ ಅದರ ಮೂರನೆಯ ಒಂದು ಭಾಗ. ಹೀಗಾಗಿ ಐದು ಇಟ್ಟಿಗೆಗಳನ್ನು ಪೇರಿಸಿದ ಎತ್ತರವೂ ಆರು ಉಬ್ಬುಗಳ ಅಗಲವೂ ಸರಿಸಮ. ಬೇರೆ ಕಂಪನಿಯವು ಇದೇ ಅಳತೆಯವಾದರೂ ಕೆಲವು ಸಡಿಲ, ಕೆಲವು ಹಲ್ಲಿನಿಂದ ಕಚ್ಚಿ ಬಿಡಿಸುವಷ್ಟು ಬಿಗಿ. ಸಡಿಲವಾದವುಗಳನ್ನು ಸೇತುವೆಗೆ ಬಳಸಬೇಡಿ, ರಂಗೋಲಿಗೂ ಕಸೂತಿಗೂ ಬಳಸಿ.

ಇನ್ನೊಂದು ಉಪಯೋಗದ ಸಂಗತಿ: ಡೂಪ್ಲೊ ಇಟ್ಟಿಗೆ ಸಾಮಾನ್ಯ ಇಟ್ಟಿಗೆಗಿಂತ ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಎರಡರಷ್ಟು. ಅದರ ಮೇಲೆ ಚಿಕ್ಕ ಇಟ್ಟಿಗೆ ಸಿಕ್ಕಿಕೊಳ್ಳುತ್ತದೆ. ತಂಗಿ ಪಾಯ ಹಾಕಲಿ, ಅಣ್ಣ ಅದರ ಮೇಲೆ ಮನೆ ಕಟ್ಟಲಿ. ಪಾಯದ ಆಕಾರವನ್ನು ತಂಗಿಯೇ ನಿರ್ಧರಿಸಬೇಕು ಎಂಬ ನಿಯಮವಿದ್ದರೆ ಅವಳು ಕೆಡವುವುದು ಕಡಿಮೆಯಾಗುತ್ತದೆ.

ಹಳೇ_ಆಟಿಕೆ:
ಇಟ್ಟಿಗೆಯನ್ನು ಮೊದಲು ಮಾಡಿದವರು ಅವರಲ್ಲ. ಇಂಗ್ಲೆಂಡಿನಲ್ಲಿ ಹಿಲರಿ ಪೇಜ್ ಅವರ ಕಿಡ್ಡಿಕ್ರಾಫ್ಟ್ ಇಟ್ಟಿಗೆಗಳು 1947ರಲ್ಲಿಯೇ ಇದ್ದವು.

ಡೆನ್ಮಾರ್ಕ್_ಕನ್ನಡತಿ:
ಹೌದು, ಅದನ್ನು ನೋಡಿಯೇ ಲೆಗೊದವರು 1949ರಲ್ಲಿ ತಮ್ಮದನ್ನು ಮಾಡಿದ್ದು. ನಾನು "ಒಳಗೆ ಕೊಳವೆಗಳಿರುವ" ಎಂದು ಬರೆದದ್ದು ಅದಕ್ಕಾಗಿಯೇ. ಕೊಳವೆಯಿಲ್ಲದ ಟೊಳ್ಳು ಇಟ್ಟಿಗೆಗಳು ಬಿಗಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ.

ದುಬಾರಿ_ಅಪ್ಪ:
ಹೊಸದನ್ನು ಕೊಳ್ಳಬಾರದು ಎಂಬ ನಿಮ್ಮ ನಿಯಮಕ್ಕೆ ನನ್ನ ಬೆಂಬಲವಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಅಂಗಡಿಯ ಬೆಲೆಚೀಟಿ ನೋಡಿದರೆ ಇಟ್ಟಿಗೆಯ ಬದಲು ನಿಜವಾದ ಮನೆಗೇ ಕಂತು ಕಟ್ಟಬಹುದೆನಿಸುತ್ತದೆ. ಅಗ್ಗದ್ದನ್ನು ಕೊಳ್ಳಬೇಕಾಗಿ ಬಂದರೆ ಐ.ಎಸ್.ಐ. ಗುರುತು ನೋಡಿ, 2021ರ ಜನವರಿಯಿಂದ ಇಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಜಾತ್ರೆಯ ಮಾಲಿನಲ್ಲಿ ಅದು ಇರುವುದಿಲ್ಲವೆಂದೇ ಇಟ್ಟುಕೊಳ್ಳಿ.

ಹೊಸಪೇಟೆ_ಹುಡುಗ:
ಶೋಕೇಸಿನ ಸಮಸ್ಯೆಗೆ ನಾನೊಂದು ದಾರಿ ಹೇಳುತ್ತೇನೆ. ಹಂಪಿಯಲ್ಲಿ ಮಹಾನವಮಿ ದಿಬ್ಬದ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿಯನ್ನು ಬಹಳ ಜನ ನೋಡಿರುತ್ತೀರಿ. ಅದರ ಕಪ್ಪು ಕಲ್ಲುಗಳ ಮೇಲೆ ಆ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಯಾವ ಜಾಗಕ್ಕೆ ಸೇರಬೇಕೆಂಬ ಗುರುತುಗಳನ್ನು ಕೊರೆದಿದ್ದಾರೆ. ಬೇರೆಡೆ ಕಡೆದು ಸಿದ್ಧಪಡಿಸಿದ ಕಲ್ಲುಗಳನ್ನು ಇಲ್ಲಿಗೆ ತಂದು ಜೋಡಿಸಿದರು ಎಂದು ಹೇಳಲು ಆ ಗುರುತುಗಳೇ ಆಧಾರ. ಅಂದರೆ ಕಲ್ಲುಕುಟಿಗರು ಕೈಪಿಡಿಯನ್ನು ಕಲ್ಲಿನ ಮೇಲೆಯೇ ಬರೆದಿಟ್ಟಿದ್ದರು.

ಆ ಪುಷ್ಕರಣಿ ಇಟ್ಟಿಗೆಗಳಲ್ಲಿ ಕಟ್ಟಲು ಹೇಳಿಮಾಡಿಸಿದ ವಸ್ತು, ಎಲ್ಲವೂ ಚೌಕ, ಎಲ್ಲವೂ ಮೆಟ್ಟಿಲು. ಮೊದಲು ಮಗ ಅದರ ಒಂದು ಮೂಲೆಯನ್ನು ಮಾತ್ರ ಕಟ್ಟಲಿ. ಆಮೇಲೆ ಬಿಚ್ಚುತ್ತ ಒಂದೊಂದು ತುಂಡಿಗೂ ಚಿಕ್ಕ ಚೀಟಿ ಅಂಟಿಸಿ, ತನ್ನದೇ ಗುರುತಿನ ಭಾಷೆಯಲ್ಲಿ ದಿಕ್ಕು, ಸಾಲು, ಸಂಖ್ಯೆ ಬರೆಯಲಿ. ರಾಶಿಯನ್ನು ಅಮ್ಮನ ಮುಂದೆ ಇಟ್ಟು, ಬಾಯಿ ಬಿಡದೆ ಕುಳಿತುಕೊಳ್ಳಬೇಕು. ಅಮ್ಮ ಗುರುತು ನೋಡಿಯೇ ಮತ್ತೆ ಕಟ್ಟಬೇಕು. ಪರರ ಕೈಪಿಡಿ ನೋಡಿ ಕಟ್ಟಿದ ಹುಡುಗನಿಗೆ, ತಾನೇ ಕೈಪಿಡಿ ಬರೆದಾಗ ಒಂದು ಸಾಲು ಬಿಟ್ಟರೆ ಏನಾಗುತ್ತದೆ ಎಂಬುದು ಅಮ್ಮನ ಮುಖದಲ್ಲಿಯೇ ಕಾಣುತ್ತದೆ.

ಶರಾವತಿ_ತೀರ:
ಇದು ಬಹಳ ಹಿಡಿಸಿತು. ಆದರೆ ಅವನು ಶೋಕೇಸಿನಲ್ಲಿಟ್ಟ ಕಾರು, ಹಡಗುಗಳನ್ನು ಬಿಚ್ಚಲು ಒಪ್ಪುವುದೇ ಇಲ್ಲ. ಬಿಚ್ಚದಿದ್ದರೆ ತುಂಡುಗಳು ಸಾಲವು.

ಕಟ್ಟೋಣ_ಬನ್ನಿ:
ಬಲವಂತವಾಗಿ ಬಿಚ್ಚಿಸಬೇಡಿ, ಅದು ಅವನ ಕೆಲಸ. ನಾಲ್ಕೂ ಕಡೆಯಿಂದ ಫೋಟೋ ತೆಗೆದು ಇಟ್ಟುಕೊಂಡರೆ ಬಿಚ್ಚುವುದು ಸುಲಭವೆಂದು ನಮ್ಮವನು ಒಪ್ಪಿದ.

ಹೊಯ್ಸಳ_ಪ್ರಿಯ:
ಪುಷ್ಕರಣಿ ಕಟ್ಟಿದವರು ಸೋಮನಾಥಪುರದ ಕೇಶವ ದೇವಾಲಯಕ್ಕೂ ಕೈ ಹಾಕಲಿ. 1258ರ ಆ ದೇವಾಲಯದಲ್ಲಿ ಮೂರು ಗರ್ಭಗುಡಿಗಳಿವೆ, ಗೋಪುರಗಳ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದೇ ಕೇಂದ್ರದ ಮೇಲೆ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋದರೆ ಆ ನಕ್ಷತ್ರ ಬರುತ್ತದೆ. ಉಬ್ಬುಗಳು ಚೌಕದ ಸಾಲಿನಲ್ಲಿರುವುದರಿಂದ ಇಟ್ಟಿಗೆಯನ್ನು ಹಾಗೆ ತಿರುಗಿಸಲು ಬರುವುದಿಲ್ಲ. ಆದರೆ ಒಂದೇ ಉಬ್ಬಿನ ಮೇಲೆ ಕೂರುವ ತುಂಡನ್ನು ಎತ್ತ ಬೇಕಾದರೂ ತಿರುಗಿಸಬಹುದು. ಹೀಗೆ ನಡುವಿನ ಒಂದು ಉಬ್ಬಿನ ಮೇಲೆ ಅಂತಸ್ತು ಅಂತಸ್ತಾಗಿ ಚೌಕಗಳನ್ನು ತಿರುಗಿಸಿ ಪೇರಿಸಿದರೆ ಮೇಲಿನಿಂದ ನೋಡಿದಾಗ ನಕ್ಷತ್ರ ಕಾಣುತ್ತದೆ. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಇದು ಕಷ್ಟ, ಅಪ್ಪಂದಿರಿಗೆ ಒಳ್ಳೆಯದು.

ಬೊಂಬೆಹಬ್ಬ:
ನವರಾತ್ರಿಯ ಬೊಂಬೆ ಕೂರಿಸುವ ಮನೆಗಳವರು ಈಗಲೇ ಯೋಚಿಸಿ. ನಮ್ಮಲ್ಲಿ ಮೆಟ್ಟಿಲುಗಳ ಕೆಳಗಿನ ಪಾರ್ಕು ಮಕ್ಕಳ ಜವಾಬ್ದಾರಿ. ತಟ್ಟೆಯ ಮಣ್ಣಿನಲ್ಲಿ ರಾಗಿ ಮೊಳಕೆಯ ಹುಲ್ಲು, ಅದರ ನಡುವೆ ಬ್ಲಾಕ್ಸಿನ ರೈಲ್ವೆ ನಿಲ್ದಾಣ, ಸಂತೆ, ಮೃಗಾಲಯ. ಅಳತೆಯೇ ಸವಾಲು: ಚನ್ನಪಟ್ಟಣದ ಬೊಂಬೆ ಬಾಗಿಲಿನಲ್ಲಿ ತಲೆ ತಗ್ಗಿಸದೆ ಒಳಗೆ ಹೋಗಬೇಕು ಎಂದರೆ ಬಾಗಿಲು ಎಷ್ಟು ಇಟ್ಟಿಗೆ ಎತ್ತರವಿರಬೇಕು? ನೋಡಲು ಬಂದವರೆಲ್ಲ ಹೊಗಳುತ್ತಾರೆ, ಮಕ್ಕಳಿಗೆ ಅಷ್ಟು ಸಾಕು.

ಸಿನಿಮಾ_ಹುಚ್ಚ:
ಟಿ.ವಿ. ಬಿಡಿಸಲಾಗದಿದ್ದರೆ ಸಿನಿಮಾ ಮಾಡಿಸಿ. ಫೋನನ್ನು ಪುಸ್ತಕಗಳ ನಡುವೆ ಅಲುಗಾಡದಂತೆ ನಿಲ್ಲಿಸಿ, ಬ್ಲಾಕ್ಸಿನ ಕಾರನ್ನು ಕೂದಲೆಳೆಯಷ್ಟು ಸರಿಸಿ ಫೋಟೋ, ಮತ್ತೆ ಸರಿಸಿ ಫೋಟೋ. ಸೆಕೆಂಡಿಗೆ 12 ಚಿತ್ರಗಳ ಲೆಕ್ಕದಲ್ಲಿ ಹತ್ತು ಸೆಕೆಂಡಿನ ಕಥೆಗೆ 120 ಚಿತ್ರಗಳು ಬೇಕು. ಕಿಟಕಿಯ ಬೆಳಕಿನಲ್ಲಿ ತೆಗೆಯಬೇಡಿ, ಮೋಡ ಬಂದು ಹೋದರೆ ಸಿನಿಮಾ ಮಿಣಮಿಣ ಎನ್ನುತ್ತದೆ. ಟ್ಯೂಬ್‌ಲೈಟ್ ಹಾಕಿ, ಕಿಟಕಿ ಮುಚ್ಚಿ.

ಅಂಗಳದ_ಮಲ್ಲಿಗೆ:
ಟಿ.ವಿ. ಬಿಡಿಸಲು ಫೋನ್ ಕೊಡುವುದೇ?

ಸಿನಿಮಾ_ಹುಚ್ಚ:
ಫೋನು ಅಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿರುತ್ತದೆ ತಾಯಿ, ಕೈ ಓಡಾಡುವುದೆಲ್ಲ ಕಾರಿನ ಮೇಲೆ.

ಆರು_ಚುಕ್ಕಿ:
ನಾನು ದೃಷ್ಟಿಹೀನ ಮಕ್ಕಳಿಗೆ ಪಾಠ ಮಾಡುವವನು. ಬ್ರೈಲ್‌ನ ಒಂದು ಅಕ್ಷರ ಎರಡು ಕಂಬಗಳಲ್ಲಿ ಮೂರು ಮೂರು ಚುಕ್ಕಿಗಳ ಜಾಗ, ಎಡಗಡೆ ಮೇಲಿನಿಂದ 1, 2, 3, ಬಲಗಡೆ 4, 5, 6. ಬೇಸ್‌ಪ್ಲೇಟಿನ ಮೇಲೆ ಒಂದು ಉಬ್ಬಿನ ತುಂಡುಗಳಿಂದ ಇದನ್ನು ಬರೆಯಬಹುದು. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಕ ಎಂದರೆ 1 ಮತ್ತು 3, ಮ ಎಂದರೆ 1, 3, 4, ಲ ಎಂದರೆ 1, 2, 3. ಮೂರನ್ನು ಸಾಲಾಗಿ ಇಟ್ಟರೆ ಕಮಲ. ಅಕ್ಷರದ ಚುಕ್ಕಿಗಳು ಅಕ್ಕಪಕ್ಕದಲ್ಲಿಯೇ ಇರಲಿ, ಅಕ್ಷರ ಮತ್ತು ಅಕ್ಷರದ ನಡುವೆ ಎರಡು ಸಾಲು ಉಬ್ಬುಗಳನ್ನು ಖಾಲಿ ಬಿಡಿ. ಅಣ್ಣ ಗುಟ್ಟಿನ ಸಂದೇಶ ಬರೆದು, ತಂಗಿಯಲ್ಲದಿದ್ದರೆ ಅಪ್ಪ ಕಣ್ಣು ಮುಚ್ಚಿ ಬೆರಳಿನಲ್ಲಿ ಓದಬೇಕು. ಅದಕ್ಕೆ ದುಂಡು ತುಂಡುಗಳನ್ನೇ ಬಳಸಿ, ಚೌಕದವು ಒಂದಕ್ಕೊಂದು ಅಂಟಿಕೊಂಡು ಬೆರಳಿಗೆ ಬೇರೆಯಾಗಿ ತಿಳಿಯುವುದಿಲ್ಲ.

ಪಾದಯಾತ್ರಿ:
ಎಲ್ಲರೂ ಕಟ್ಟುವುದನ್ನೇ ಹೇಳುತ್ತಿದ್ದೀರಿ. ರಾತ್ರಿ ನೀರು ಕುಡಿಯಲು ಎದ್ದವನ ಪಾದದ ಬಗ್ಗೆಯೂ ಯಾರಾದರೂ ಹೇಳಿ.

ಬೊಂಬೆಹಬ್ಬ:
ಆಟಕ್ಕೆ ಮೊದಲು ಹಳೆಯ ಪಂಚೆಯನ್ನು ಹಾಸಿ ಅದರ ಮೇಲೆಯೇ ಸುರಿಸಿ. ಮುಗಿದ ಮೇಲೆ ನಾಲ್ಕು ತುದಿ ಹಿಡಿದು ಗಂಟು ಕಟ್ಟಿದರೆ ಕೆಲಸ ಮುಗಿಯಿತು.

ಡೆನ್ಮಾರ್ಕ್_ಕನ್ನಡತಿ:
ಗಂಟು ಸರಿ, ಆದರೆ ವಾರಕ್ಕೊಮ್ಮೆಯಾದರೂ ವಿಂಗಡಿಸಿಡಿ. ಬಣ್ಣದ ಪ್ರಕಾರ ಬೇಡ, ಆಕಾರದ ಪ್ರಕಾರ. ಎಲ್ಲ ಬಣ್ಣಗಳ ರಾಶಿಯಲ್ಲಿ ಕೆಂಪು ತುಂಡು ತಕ್ಷಣ ಕಣ್ಣಿಗೆ ಬೀಳುತ್ತದೆ. ಬರಿಯ ಕೆಂಪು ರಾಶಿಯಲ್ಲಿ ಒಂದು ಉಬ್ಬಿನ ಕೆಂಪು ತುಂಡನ್ನು ಹುಡುಕುವುದೇ ಕಷ್ಟ. ಅಗಲ ಕಣ್ಣಿನ ಜರಡಿಯಲ್ಲಿ ಅಲುಗಾಡಿಸಿದರೆ ಚಿಕ್ಕವು ತಾನಾಗಿ ಕೆಳಗಿಳಿಯುತ್ತವೆ, ಮಕ್ಕಳಿಗೆ ಅದೂ ಆಟವೇ. ಮೂರು ವರ್ಷದೊಳಗಿನ ಕೂಸು ಮನೆಗೆ ಬಂದು ಹೋಗುತ್ತಿದ್ದರೆ ಜರಡಿಯಿಂದ ಇಳಿದದ್ದನ್ನು ಎತ್ತರದಲ್ಲಿಡಿ. ತೊಳೆಯುವುದಾದರೆ ಉಗುರುಬೆಚ್ಚಗಿನ ನೀರು ಸಾಕು, 40 ಡಿಗ್ರಿ ಮೀರಬಾರದು. ಬಿಸಿಲಿನಲ್ಲಿ ಒಣಗಿಸಬೇಡಿ, ಬಿಳಿಯವು ಹಳದಿಯಾಗುತ್ತವೆ.

ಒಬ್ಬಳೇ_ಮಗಳು:
ನನ್ನದೊಂದು ಉಪಪ್ರಶ್ನೆ. ಇಲ್ಲಿ ಹೇಳಿದ ಬಹಳಷ್ಟು ಆಟಗಳಿಗೆ ಜೊತೆಗಾರರು ಬೇಕು. ನಮ್ಮ ಮನೆಯಲ್ಲಿ ಮಗಳು ಒಬ್ಬಳೇ, ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ನೋಡಿಕೊಳ್ಳುವ ಅಕ್ಕನಿಗೆ ಇದರಲ್ಲಿ ಆಸಕ್ತಿಯಿಲ್ಲ.

ಶಿರಸಿಯ_ಅಜ್ಜ:
ಅದಕ್ಕೆ ಅಜ್ಜಂದಿರಿದ್ದೇವಲ್ಲ ತಂಗಿ. ಮೊಮ್ಮಗಳು ಬೆಂಗಳೂರಿನಲ್ಲಿ, ನಾನು ಇಲ್ಲಿ. ಇಬ್ಬರ ಬಳಿಯೂ ಒಂದೇ ಬಣ್ಣ, ಒಂದೇ ಅಳತೆಯ ಎಂಟು ತುಂಡುಗಳಿವೆ, ಮಗ ಊರಿಗೆ ಬಂದಾಗ ಒಂದು ಜೊತೆಯನ್ನು ಪೊಟ್ಟಣ ಕಟ್ಟಿ ಇಲ್ಲಿಟ್ಟು ಹೋದ. ವಿಡಿಯೋ ಇಲ್ಲದ ಬರಿಯ ಫೋನ್ ಕರೆಯಲ್ಲಿ ಅವಳು ತಾನು ಕಟ್ಟಿದ್ದನ್ನು ಬಾಯಲ್ಲಿ ಹೇಳುತ್ತಾಳೆ, ನಾನು ಕಟ್ಟುತ್ತೇನೆ. "ಹಳದಿಯನ್ನು ಕೆಂಪಿನ ಮೇಲಿಡು" ಎಂದರೆ ಸಾಲದು, ಎಷ್ಟು ಉಬ್ಬು ಹೊರಗೆ ಚಾಚಿರಬೇಕು, ಯಾವ ಕಡೆಗೆ ಎಂದೆಲ್ಲ ಹೇಳಬೇಕಾಗುತ್ತದೆ. "ನಿನ್ನ ಕಡೆಗೆ" ಎಂಬ ಮಾತು ಫೋನಿನಲ್ಲಿ ನಡೆಯುವುದಿಲ್ಲವೆಂದು ಅವಳೇ ಕಂಡುಕೊಂಡು, ಈಗ ನೀಲಿ ತುಂಡನ್ನು ಮೊದಲು ಕಿಟಕಿಯ ಕಡೆಗೆ ಮುಖ ಮಾಡಿಸಿ ಆರಂಭಿಸುತ್ತಾಳೆ. ಕೊನೆಯಲ್ಲಿ ಇಬ್ಬರೂ ಫೋಟೋ ಕಳುಹಿಸಿ ಹೋಲಿಸುತ್ತೇವೆ. ತುಂಡುಗಳು ಎಂಟಕ್ಕಿಂತ ಹೆಚ್ಚಾದರೆ ಅಜ್ಜನಿಗೆ ಗೊಂದಲವಾಗುತ್ತದೆ, ಅದನ್ನೊಂದು ನೆನಪಿಡಿ.

ಒಬ್ಬಳೇ_ಮಗಳು:
ನಮ್ಮ ತಂದೆಯವರು ಹಾವೇರಿಯಲ್ಲಿದ್ದಾರೆ, ಮಧ್ಯಾಹ್ನದ ಹೊತ್ತು ಅವರಿಗೂ ಬೇಜಾರೇ. ನಾಳೆ ಊರಿಗೆ ಹೋಗುವ ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಎಂಟು ತುಂಡು ಕಳುಹಿಸುತ್ತೇನೆ.